ಮರಳಿ ಬರುವುದು, ಬಾರದಿರುವುದು



ಮಲೆನಾಡಿನವರಿಗೆ ಚಳ್ಳಕೆರೆ, ಮೊಳಕಾಲ್ಮೂರುಗಳು ದೂರದ ಬಯಲುಸೀಮೆಯ ಊರುಗಳು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅವೂ ಸೇರಿವೆ. ಅಲ್ಲಿ ಬೆಳೆಯುವ ಈರುಳ್ಳಿ, ಉಳುವ ಎರೆಮಣ್ಣು, ನೇಯುವ ರೇಷ್ಮೆ ಈ ಮೂರನ್ನೂ ಪ್ರಯೋಗಶಾಲೆಯ ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಬಹುದು. ಪರಿಸ್ಥಿತಿ ಬದಲಾದ ಮೇಲೆ ವಸ್ತುವು ಮೊದಲಿನ ಸ್ಥಿತಿಗೆ ಮರಳಬಲ್ಲದೆ?

ಕೆಂಪು ಈರುಳ್ಳಿಯ ತೆಳುಪೊರೆಯನ್ನು ಉಪ್ಪುನೀರಿನಲ್ಲಿಟ್ಟು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಜೀವಕೋಶದೊಳಗಿನ ನೀರು ಹೊರಸರಿದು, ಬಣ್ಣದ ಭಾಗವು ಗೋಡೆಯಿಂದ ಬಿಟ್ಟು ಮುದುಡುವುದು ಕಾಣುತ್ತದೆ. ಬೇಗನೆ ಸಿಹಿನೀರಿಗೆ ಹಾಕಿದರೆ ಕೋಶವು ಮತ್ತೆ ತುಂಬಿಕೊಳ್ಳುತ್ತದೆ. ಉಪ್ಪು ತೀರ ಹೆಚ್ಚಾದರೆ, ಇಲ್ಲವೆ ತಡವಾದರೆ, ಅದು ಸಾಯುತ್ತದೆ.

ಎರೆಮಣ್ಣಿನ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ವರ್ಷವರ್ಷವೂ ನಡೆಯುವ ಈ ಆಟದಿಂದ ಮಣ್ಣಿಗೆ ಕೇಡಿಲ್ಲ. ಆದರೆ ಸೋಡಿಯಂ ಹೆಚ್ಚಿರುವ ಕೊಳವೆಬಾವಿಯ ನೀರನ್ನೇ ಉಣಿಸುತ್ತ ಹೋದರೆ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಆಮೇಲೆ ಒಳ್ಳೆಯ ಮಳೆ ಬಂದರೂ ನೀರು ಇಂಗದು. ಜಿಪ್ಸಂ ಹಾಕಿ ತಾಳ್ಮೆಯಿಂದ ಕಾಯಬೇಕಾಗುತ್ತದೆ.

ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದಾಗ ಎಳೆಗಳನ್ನು ಅಂಟಿಸಿದ ಸೆರಿಸಿನ್ ಮೆತ್ತಗಾಗುತ್ತದೆ. ನೂಲು ಬಿಚ್ಚಲು ಬರುವುದು ಆಗಲೇ. ಮೊಳಕಾಲ್ಮೂರಿನ ಸೀರೆ ಹುಟ್ಟುವುದೂ ಹೀಗೆಯೇ. ಆದರೆ ಬಿಚ್ಚಿದ ನೂಲು ಮತ್ತೆ ಗೂಡಾಗದು.

ಚಳ್ಳಕೆರೆಯ ಅಮೃತಮಹಲ್ ಕಾವಲುಗಳನ್ನು ಈ ಬೆಳಕಿನಲ್ಲಿ ನೋಡಬೇಕು. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನಿಂದ. ಆ ದನಗಳಿಗಾಗಿ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆಂದು ವಿಂಗಡಿಸಲಾಗಿತ್ತು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆಯ ಹುಲ್ಲು ಚಿಗುರುತ್ತಿತ್ತು. ಮುದುಡಿದ ಕೋಶಕ್ಕೆ ಸಿಹಿನೀರು ಹೇಗೋ, ಮೇದ ನೆಲಕ್ಕೆ ಬಿಡುವು ಹಾಗೆ.

ಇದೇ ಹುಲ್ಲುಗಾವಲಿನಲ್ಲಿ, ಕುದಾಪುರದ ಬಳಿ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ದೊರೆಯಿತು. ರಕ್ಷಣಾ ಮತ್ತು ಅಣುಶಕ್ತಿ ಸಂಸ್ಥೆಗಳಿಗೆ ಇನ್ನೂ ಸಾವಿರಾರು ಎಕರೆ ಹೋಯಿತು. ಕುರಿ, ದನ ಮೇಯಿಸುವವರೂ ಕಂಬಳಿ ನೇಯುವವರೂ ನಂಬಿದ್ದ ನೆಲಕ್ಕೆ ಗೋಡೆ ಬಂತು. 2013ರಲ್ಲಿ ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದಿತ್ತು. ಮೇದ ಹುಲ್ಲು ಬೇರಿನಿಂದ ಮತ್ತೆ ಚಿಗುರುತ್ತದೆ. ಅಗೆದು ಕಟ್ಟಡ ಕಟ್ಟಿದ ನೆಲದಲ್ಲಿ ಚಿಗುರಲು ಬೇರೇ ಉಳಿಯದು.

ವಿಜ್ಞಾನ ಬೇಡವೆಂಬುದು ಇದರ ಅರ್ಥವಲ್ಲ. ವಿಜ್ಞಾನವೇ ಕಲಿಸಿದ ಪ್ರಶ್ನೆಯನ್ನು ನೆಲದ ವಿಷಯದಲ್ಲೂ ಕೇಳಬೇಕೆಂಬುದಷ್ಟೇ ಅರ್ಥ. ಪ್ರಯೋಗಶಾಲೆಯಲ್ಲಿ ಒಂದು ಪೊರೆ ಸತ್ತರೆ ಇನ್ನೊಂದು ಈರುಳ್ಳಿ ಸಿಗುತ್ತದೆ. ಕಾವಲಿಗಾಗಲಿ, ಮಲೆನಾಡಿನ ಗುಡ್ಡದ ಮೇಲ್ಮಣ್ಣಿಗಾಗಲಿ ಎರಡನೆಯ ಪ್ರತಿ ಇಲ್ಲ. ಆದ್ದರಿಂದ ಮರಳಿ ಬರುವುದೇ ಎಂಬ ಪ್ರಶ್ನೆಯನ್ನು ಗುದ್ದಲಿ ಬೀಳುವ ಮೊದಲೇ, ಗ್ರಾಮಸಭೆಯಲ್ಲಿಯೇ ಕೇಳಬೇಕು.