ಹೃದಯಾಘಾತ ನೆರೆಮನೆಯವರಿಗೆ ಮಾತ್ರವೇ?

(ಕುಟುಂಬ ಸಂಗಮವೊಂದರಲ್ಲಿ ನೀಡಿದ ಭಾಷಣದ ಬರಹ ರೂಪ)



ಮರಣದ ಕುರಿತು ನಮ್ಮಲ್ಲಿ ಪ್ರವಚನಗಳಿಗೆ ಕೊರತೆಯಿಲ್ಲ. ಆದರೆ ಒಂದು ವೈಚಿತ್ರ್ಯವನ್ನು ಗಮನಿಸಿರಿ. ಮರಣ ಖಚಿತವೆಂದು ನಂಬುವ ನಾವು, ಅದು ಹೃದಯಾಘಾತದ ರೂಪದಲ್ಲಿ ನಮ್ಮ ಮನೆಯ ಬಾಗಿಲನ್ನೇ ತಟ್ಟಬಹುದೆಂದು ಮಾತ್ರ ಒಪ್ಪುವುದಿಲ್ಲ. ಖಬರಸ್ತಾನದಿಂದ ಮರಳುವಾಗ, ‘ಪಾಪ, ಇನ್ನೂ ಐವತ್ತಾಗಿರಲಿಲ್ಲ’ ಎಂದು ಮರುಗುತ್ತೇವೆ. ಅದೇ ದಾರಿಯ ಗೂಡಂಗಡಿಯ ಮುಂದೆ ನಿಂತು ಸಿಗರೇಟು ಹಚ್ಚುತ್ತೇವೆ. ಸತ್ತವನ ಎದೆಗೂ ನಮ್ಮ ಎದೆಗೂ ಸಂಬಂಧವೇ ಇಲ್ಲವೆಂಬಂತೆ!

ಇದು ಕೇವಲ ನಮ್ಮ ಸಮುದಾಯದ ದೌರ್ಬಲ್ಯವಲ್ಲ, ಮನುಷ್ಯ ಸ್ವಭಾವ. ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ವೈನ್‌ಸ್ಟೀನ್ ಅವರು 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಒಳಿತು ಕೆಡುಕುಗಳ ಒಂದು ಪಟ್ಟಿಯನ್ನಿಟ್ಟು, ‘ನಿಮ್ಮ ಸಹಪಾಠಿಗಳಿಗೆ ಹೋಲಿಸಿದರೆ ಇವು ನಿಮಗೆ ಸಂಭವಿಸುವ ಸಾಧ್ಯತೆ ಎಷ್ಟು?’ ಎಂದು ವಿಚಾರಿಸಿದ್ದರು. ಒಳಿತು ತಮಗೆ ಹೆಚ್ಚು, ಕೆಡುಕು ತಮಗೆ ಕಡಿಮೆ ಎಂಬುದೇ ಒಟ್ಟಾರೆ ಉತ್ತರವಾಗಿತ್ತು. ಎಲ್ಲರೂ ಇತರರಿಗಿಂತ ಸುರಕ್ಷಿತರಾಗಿರಲು ಸಾಧ್ಯವೇ? ಅವರೇ 1987ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಇಷ್ಟು ದಿನ ಬಾರದ ಕಾಯಿಲೆ ಇನ್ನು ಮುಂದೆಯೂ ಬಾರದು ಎಂಬ ಭಾವನೆಯೇ ಮನುಷ್ಯನನ್ನು ಅತಿಯಾಗಿ ನಿಶ್ಚಿಂತನನ್ನಾಗಿಸುತ್ತದೆ. ಹೃದಯದ ವಿಷಯದಲ್ಲಿ ಈ ತರ್ಕವು ಅತ್ಯಂತ ಅಪಾಯಕಾರಿ. ಏಕೆಂದರೆ ರಕ್ತನಾಳದೊಳಗೆ ಕೊಬ್ಬು ಶೇಖರಗೊಳ್ಳುವುದು ವರ್ಷಗಟ್ಟಲೆ ನಿಶ್ಶಬ್ದವಾಗಿ ನಡೆಯುವ ಕ್ರಿಯೆ. ಎಷ್ಟೋ ಮಂದಿಗೆ ಹೃದಯಾಘಾತವೇ ಮೊದಲ ಎಚ್ಚರಿಕೆಯಾಗಿರುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕಲಿತು ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದ ತಂಡವು 52 ದೇಶಗಳಲ್ಲಿ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದ ಶೇ. 90ರಷ್ಟಕ್ಕೆ ಒಂಬತ್ತು ಅಂಶಗಳೇ ಕಾರಣವೆಂದು ಅದು ಹೇಳಿತು. ಧೂಮಪಾನ, ರಕ್ತದಲ್ಲಿನ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಅಭಾವ, ಮದ್ಯಪಾನದ ರೂಢಿ ಇವೇ ಆ ಒಂಬತ್ತು. ಧೂಮಪಾನ ಮಾಡುವವರಿಗೆ ಅಪಾಯವು ಸುಮಾರು ಮೂರು ಪಟ್ಟು. ಬೀಡಿ ಮತ್ತು ಜಗಿಯುವ ತಂಬಾಕುಗಳೂ ಇದಕ್ಕೆ ಹೊರತಲ್ಲವೆಂದು ಅದೇ ತಂಡದ 2006ರ ವರದಿ ತಿಳಿಸಿತು. ಇನ್ನೂ ಮುಖ್ಯವಾದುದೇನೆಂದರೆ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಇತರೆಡೆ ಸುಮಾರು 59 ಆಗಿದ್ದರೆ ದಕ್ಷಿಣ ಏಷ್ಯದವರಲ್ಲಿ 53 ಆಗಿತ್ತು. ಮಗಳ ಮದುವೆ, ಮಗನ ಓದು, ಮನೆಯ ಸಾಲ ಇವೆಲ್ಲವೂ ಹೆಗಲ ಮೇಲಿರುವ ವಯಸ್ಸು ಅದು.

ಆದರೆ ನಮ್ಮಲ್ಲಿ ನೆಪಗಳು ಸಿದ್ಧವಾಗಿವೆ. ‘ನಾನು ತೆಳ್ಳಗಿದ್ದೇನೆ’ ಎನ್ನುತ್ತೇವೆ. ತೆಳ್ಳಗಿರುವವನ ರಕ್ತದೊತ್ತಡವು ಕಣ್ಣಿಗೆ ಕಾಣುವುದಿಲ್ಲ. ‘ಐದು ಹೊತ್ತಿನ ನಮಾಝೇ ವ್ಯಾಯಾಮ’ ಎನ್ನುತ್ತೇವೆ. ನಮಾಝ್ ಅಲ್ಲಾಹನ ಸ್ಮರಣೆಗಾಗಿ ಇರುವ ಆರಾಧನೆಯೇ ಹೊರತು ವೈದ್ಯರ ಪ್ರಮಾಣಪತ್ರವಲ್ಲ. ‘ನಮ್ಮಜ್ಜ ಬೀಡಿ ಸೇದಿಯೂ ತೊಂಬತ್ತು ವರ್ಷ ಬಾಳಿದರು’ ಎನ್ನುತ್ತೇವೆ. ಬೀಡಿ ಸೇದಿ ಐವತ್ತಕ್ಕೆ ತೀರಿಹೋದ ಅಜ್ಜಂದಿರ ಕಥೆ ಹೇಳಲು ಯಾರೂ ಉಳಿದಿರುವುದಿಲ್ಲ!

ಇನ್ನು ಭಯದ ವಿಷಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ಹರೆಯದಲ್ಲಿ ನಿಧನರಾದಾಗ ಆಸ್ಪತ್ರೆಗಳಲ್ಲಿ ಹೃದಯ ತಪಾಸಣೆಗೆ ನೂಕುನುಗ್ಗಲಾಯಿತು. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಮರಣಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನರು ಮುಂಜಾನೆಯೇ ಸಾಲುಗಟ್ಟಿದರು. ಕೋವಿಡ್ ಲಸಿಕೆಯೇ ಕಾರಣವೆಂಬ ಮಾತು ಅಧಿಕಾರಸ್ಥರ ಬಾಯಿಂದಲೂ ಬಂತು. ಆದರೆ ಸರಕಾರದ ತಜ್ಞರ ಸಮಿತಿಯು ಲಸಿಕೆಗೂ ಈ ಮರಣಗಳಿಗೂ ಸಂಬಂಧ ಕಾಣಲಿಲ್ಲ. ಮಧುಮೇಹ, ರಕ್ತದೊತ್ತಡ ಮುಂತಾದ ಹಳೆಯ ಕಾರಣಗಳತ್ತಲೇ ಅದು ಬೆರಳು ತೋರಿತು. ಅಪರಾಧಿ ಹೊರಗಿದ್ದಾನೆಂದರೆ ನಮಗೆ ನೆಮ್ಮದಿ; ಅಪರಾಧಿ ನಮ್ಮ ಜೇಬಿನ ಸಿಗರೇಟು, ನಮ್ಮ ತಟ್ಟೆಯ ಎಣ್ಣೆ ಎಂದರೆ ಕಸಿವಿಸಿ. ಸುದ್ದಿ ತಣ್ಣಗಾದೊಡನೆ ಭಯವೂ ತಣ್ಣಗಾಗುತ್ತದೆ. ಆದರೆ ಅಪಾಯವು ಭಯದ ಜೊತೆ ಬಂದು ಭಯದ ಜೊತೆ ಹೋಗುವಂಥದ್ದಲ್ಲ.

‘ಎಲ್ಲವೂ ವಿಧಿಯಂತೆ’ ಎನ್ನುವವರೂ ಇದ್ದಾರೆ. ವಿಧಿಯಲ್ಲಿ ನಮ್ಮ ವಿಶ್ವಾಸ ಅಚಲವಾದುದು. ಆದರೆ ಹಝ್ರತ್ ಉಮರ್(ರ)ರವರಿಗಿಂತ ಹೆಚ್ಚಿನ ವಿಶ್ವಾಸ ನಮಗಿದೆಯೇ? ಸಿರಿಯದಲ್ಲಿ ಪ್ಲೇಗ್ ಹರಡಿದಾಗ ಅವರು ದಾರಿಯಿಂದಲೇ ಮರಳಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದಾಗ, ಹೌದು, ಆದರೆ ಅಲ್ಲಾಹನ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ನೀಡಿದರು. ಸಅದ್(ರ) ಅಸ್ವಸ್ಥರಾದಾಗ ಪ್ರವಾದಿ(ಸ)ರು ಅವರ ಎದೆಯ ಮೇಲೆ ಕೈಯಿಟ್ಟು, ಇದು ಹೃದಯದ ಬಾಧೆಯೆಂದು ಹೇಳಿ, ವೈದ್ಯ ಹಾರಿಸ್ ಬಿನ್ ಕಲದಃರ ಬಳಿಗೆ ಹೋಗುವಂತೆ ಸೂಚಿಸಿದರೆಂದು ಅಬೂದಾವೂದ್‌ನ ವರದಿಯಲ್ಲಿದೆ. ದುಆ ಮಾಡಬಲ್ಲ ಪ್ರವಾದಿಯವರೇ(ಸ) ವೈದ್ಯರ ದಾರಿ ತೋರಿದ್ದಾರೆ. ಹಾಗಿರುವಾಗ ತವಕ್ಕುಲ್‌ನ ಹೆಸರಿನಲ್ಲಿ ರಕ್ತದೊತ್ತಡದ ಮಾತ್ರೆ ನಿಲ್ಲಿಸುವುದು ಯಾವ ಧರ್ಮ? ದೇಹವು ಅಲ್ಲಾಹನ ಅಮಾನತ್ ಎಂಬುದನ್ನು ಮರೆಯದಿರೋಣ.

ಸಹೋದರಿಯರೇ, ನಿಮ್ಮಲ್ಲಿ ವಿಶೇಷವಾಗಿ ಒಂದು ಮಾತು. ಹೃದಯಾಘಾತ ಗಂಡಸರ ಕಾಯಿಲೆಯೆಂಬುದು ತಪ್ಪು ಕಲ್ಪನೆ. ಮಹಿಳೆಯರಲ್ಲಿ ಕೆಲವೊಮ್ಮೆ ಎದೆನೋವಿಗಿಂತ ಉಸಿರಾಟದ ಕಷ್ಟ, ವಾಕರಿಕೆ, ವಿಪರೀತ ಸುಸ್ತು, ಬೆನ್ನು ಅಥವಾ ದವಡೆಯ ನೋವು ಎದ್ದು ಕಾಣುತ್ತದೆ. ಮಧುಮೇಹಿಗಳಿಗೆ ನೋವೇ ಬಾರದಿರಲೂಬಹುದು. ಗಂಡನಿಗೆ ಎದೆನೋವೆಂದರೆ ಮನೆಯೇ ಎದ್ದು ನಿಲ್ಲುತ್ತದೆ. ತಾಯಿಗೆ ಸುಸ್ತೆಂದರೆ ‘ಗ್ಯಾಸ್ಟ್ರಿಕ್ ಇರಬಹುದು, ಸೋಡಾ ಕುಡಿ’ ಎನ್ನುತ್ತೇವೆ. ಅವಳೂ ಅಡುಗೆ ಮುಗಿಸಿಯೇ ಮಲಗುತ್ತಾಳೆ. ಈ ತಾರತಮ್ಯಕ್ಕೆ ನಾವು ಅಲ್ಲಾಹನ ಮುಂದೆ ಉತ್ತರಿಸಬೇಕಾದೀತು.

ರಕ್ತನಾಳ ಮುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಹೃದಯದ ಸ್ನಾಯು ಸಾಯತೊಡಗುತ್ತದೆ. ಆದ್ದರಿಂದ ಮೊದಲ ತಾಸುಗಳೇ ನಿರ್ಣಾಯಕ. ಸಂಶಯ ಬಂದೊಡನೆ 108ಕ್ಕೆ ಕರೆ ಮಾಡಿರಿ, ಇಸಿಜಿ ಮಾಡಿಸಿರಿ. ಗ್ಯಾಸ್ಟ್ರಿಕ್ ಎಂದು ತಿಳಿದುಬಂದರೆ ಅಲ್‌ಹಮ್ದುಲಿಲ್ಲಾಹ್ ಎನ್ನೋಣ, ಅದರಲ್ಲಿ ನಾಚಿಕೆಯೇನಿದೆ? ರಾಜ್ಯ ಸರಕಾರವು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ ತಜ್ಞರಿಗೆ ಕಳುಹಿಸುವ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆಯನ್ನು ಜಾರಿಗೆ ತಂದಿದೆ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಆ ಚುಚ್ಚುಮದ್ದು ರಾತ್ರಿ ಹೊತ್ತಿನಲ್ಲಿಯೂ ಲಭ್ಯವಿದೆಯೇ ಎಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಮತ ಕೇಳಲು ಬರುವವರ ಮುಂದೆ ಮೊದಲು ಇಡಬೇಕಾದ ಪ್ರಶ್ನೆ ಇದಲ್ಲವೇ? ಎದೆನೋವಿಗೆ ಜಾತಿಯೂ ಇಲ್ಲ, ಪಕ್ಷವೂ ಇಲ್ಲ.

ಕೊನೆಯದಾಗಿ ಜಮಾಅತಿನ ಹೊಣೆಗಾರರಲ್ಲಿ ಒಂದು ವಿನಂತಿ. ವರ್ಷಕ್ಕೊಮ್ಮೆ ಮಸೀದಿಯ ಅಂಗಳದಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ನಡೆಸಿರಿ. ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆ ಇರಲಿ. ಗಲ್ಫಿನಿಂದ ರಜೆಯಲ್ಲಿ ಬಂದವರನ್ನು ಕೈಹಿಡಿದು ಕರೆತನ್ನಿರಿ. ಜುಮಾ ಭಾಷಣದಲ್ಲಿ ತಂಬಾಕಿನ ಕೆಡುಕನ್ನು ಅಳುಕದೆ ಹೇಳಿರಿ. ಮೂವತ್ತು ದಾಟಿದ ಪ್ರತಿಯೊಬ್ಬರೂ ಇಂದು ರಾತ್ರಿ ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಲಿ: ನನ್ನ ರಕ್ತದೊತ್ತಡ ಎಷ್ಟಿದೆ? ಉತ್ತರ ಗೊತ್ತಿಲ್ಲವೆಂದಾದರೆ, ‘ನನಗೇನೂ ಆಗದು’ ಎನ್ನಲು ನಮ್ಮ ಬಳಿ ಯಾವ ಆಧಾರವೂ ಇಲ್ಲ.

ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನೂ, ಆ ಆರೋಗ್ಯವನ್ನು ಕಾಪಾಡಿಕೊಳ್ಳುವ ವಿವೇಕವನ್ನೂ ಕರುಣಿಸಲಿ. ಆಮೀನ್.