ಮೊದಲ ಹೇಳಿಕೆ ಮತ್ತು ಮುಗಿಯದ ತನಿಖೆ: ದಾಂಪತ್ಯ ಕಲಹದ ಹಿನ್ನೆಲೆಯ ನಾಪತ್ತೆ ಪ್ರಕರಣಗಳು



ಕೊಲೆಯ ತನಿಖೆ ಸಾಮಾನ್ಯವಾಗಿ ಶವದಿಂದ, ಕಳವಿನ ತನಿಖೆ ಒಡೆದ ಬೀಗದಿಂದ ಮೊದಲಾಗುತ್ತದೆ. ನಾಪತ್ತೆ ಪ್ರಕರಣದ ತನಿಖೆಗೆ ಅಂಥ ಯಾವ ಭೌತಿಕ ಆಧಾರವೂ ಇರುವುದಿಲ್ಲ. ಠಾಣೆಗೆ ಬಂದವರು ಕಾಣೆಯಾದವರನ್ನು ಕೊನೆಯ ಬಾರಿ ಎಲ್ಲಿ, ಯಾವಾಗ, ಯಾವ ಸ್ಥಿತಿಯಲ್ಲಿ ನೋಡಿದರೆಂದು ಹೇಳುವ ಮಾತೇ ಅಲ್ಲಿ ಘಟನಾ ಸ್ಥಳವನ್ನು, ಠಾಣೆಯ ಸರಹದ್ದನ್ನು, ಹುಡುಕಾಟದ ದಿಕ್ಕನ್ನು ಒಟ್ಟಿಗೆ ನಿರ್ಧರಿಸಿಬಿಡುತ್ತದೆ. ದಾಂಪತ್ಯದಲ್ಲಿ ಹಿಂಸೆ ಅಥವಾ ಬಿರುಕು ಇದ್ದಾಗ ಆ ಮಾತನ್ನು ಹೇಳುವವರು ಅನೇಕ ಬಾರಿ ಕಾಣೆಯಾದವರೊಂದಿಗೆ ಜಗಳವಾಡಿದವರೇ ಆಗಿರುತ್ತಾರೆ. ಬಗೆಹರಿಯದೆ ಉಳಿದ ಇಂಥ ಪ್ರಕರಣಗಳ ಬೇರನ್ನು ವಿಧಿವಿಜ್ಞಾನದ ಕೊರತೆಯಲ್ಲಿ ಹುಡುಕುವುದಕ್ಕಿಂತ, ಮೊದಲ ವಾರದಲ್ಲಿ ಪರಿಶೀಲನೆಗೆ ಒಳಗಾಗದೆ ಕಡತವನ್ನು ಸೇರಿದ ಆ ಮೊದಲ ಹೇಳಿಕೆಯಲ್ಲಿ ಹುಡುಕುವುದು ಹೆಚ್ಚು ಫಲಕಾರಿ ಎಂಬುದು ಈ ಆಶಯ ಭಾಷಣದ ಮುಖ್ಯ ವಾದ.

ಈ ವಾದವನ್ನು ಒರೆಗೆ ಹಚ್ಚಲು ಅಮೆರಿಕದ ಕ್ಯಾಥ್ಲೀನ್ ಮೆಕಾರ್ಮಕ್ ಡರ್ಸ್ಟ್ ಪ್ರಕರಣಕ್ಕಿಂತ ಸೂಕ್ತವಾದ ಉದಾಹರಣೆ ವಿರಳ. ನ್ಯೂಯಾರ್ಕಿನ ಶ್ರೀಮಂತ ಕಟ್ಟಡೋದ್ಯಮಿ ಕುಟುಂಬದ ಹಿರಿಯ ಮಗ ರಾಬರ್ಟ್ ಡರ್ಸ್ಟ್‌ನನ್ನು 1973ರಲ್ಲಿ ಮದುವೆಯಾದ ಕ್ಯಾಥ್ಲೀನ್, 1982ರ ಹೊತ್ತಿಗೆ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ನಾಲ್ಕನೆಯ ವರ್ಷದ ವಿದ್ಯಾರ್ಥಿನಿಯಾಗಿದ್ದು, ವೈದ್ಯೆಯಾಗಲು ಕೆಲವೇ ತಿಂಗಳು ಬಾಕಿಯಿದ್ದವು. ದಾಂಪತ್ಯ ಅಷ್ಟರಲ್ಲೇ ಹದಗೆಟ್ಟಿತ್ತು; ಆಕೆ ವಿಚ್ಛೇದನದ ವಿಚಾರವಾಗಿ ವಕೀಲರನ್ನು ಕಂಡಿದ್ದರು, ಮತ್ತು ಆ ಜನವರಿಯ ಮೊದಲ ವಾರದಲ್ಲಿ ಮುಖದ ಗಾಯಗಳಿಗೆ ಬ್ರಾಂಕ್ಸ್‌ನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆದಿದ್ದರು. ಜನವರಿ 31ರ ಸಂಜೆ ಕನೆಕ್ಟಿಕಟ್ ರಾಜ್ಯದಲ್ಲಿದ್ದ ಗೆಳತಿಯ ಮನೆಯ ಔತಣಕೂಟದಿಂದ ಹೊರಟು, ವೆಸ್ಟ್‌ಚೆಸ್ಟರ್ ಕೌಂಟಿಯ ಸೌತ್ ಸೇಲಂನಲ್ಲಿದ್ದ ತಮ್ಮ ಮನೆಗೆ ಬಂದ ಇಪ್ಪತ್ತೊಂಬತ್ತರ ಈ ಮಹಿಳೆ ಮತ್ತೆ ಯಾರ ಕಣ್ಣಿಗೂ ಖಚಿತವಾಗಿ ಬೀಳಲಿಲ್ಲ.

ಪತಿ ದೂರು ಕೊಟ್ಟದ್ದು ಐದು ದಿನಗಳ ಬಳಿಕ, ಫೆಬ್ರುವರಿ 5ರಂದು, ಅದೂ ಮನೆಯಿದ್ದ ವೆಸ್ಟ್‌ಚೆಸ್ಟರಿನಲ್ಲಲ್ಲ, ಮ್ಯಾನ್‌ಹಟನ್‌ನ ಠಾಣೆಯಲ್ಲಿ. ಪತ್ನಿಯನ್ನು ತಾನೇ ಕಟೋನಾ ರೈಲು ನಿಲ್ದಾಣಕ್ಕೆ ಬಿಟ್ಟೆನೆಂದೂ, ಅವಳು ರೈಲಿನಲ್ಲಿ ಮ್ಯಾನ್‌ಹಟನ್‌ನ ಫ್ಲ್ಯಾಟಿಗೆ ಹೋದಳೆಂದೂ, ತಾನು ಅಂದು ರಾತ್ರಿ ನೆರೆಮನೆಯವರೊಡನೆ ಕುಳಿತು ಪಾನೀಯ ಸೇವಿಸಿ ಬಳಿಕ ಅವಳಿಗೆ ಫೋನ್ ಮಾಡಿ ಮಾತಾಡಿದೆನೆಂದೂ ಆತ ಹೇಳಿದ. ಫ್ಲ್ಯಾಟಿನ ಕಾವಲುಗಾರನೊಬ್ಬ ಆಕೆಯನ್ನು ನೋಡಿದಂತಿದೆ ಎಂದ. ಮರುದಿನ ಬೆಳಿಗ್ಗೆ ಕ್ಯಾಥ್ಲೀನ್ ಎಂದು ಹೇಳಿಕೊಂಡ ಹೆಣ್ಣುಧ್ವನಿಯೊಂದು ಕಾಲೇಜಿನ ಡೀನ್ ಕಚೇರಿಗೆ ಫೋನ್ ಮಾಡಿ, ಮೈ ಸರಿಯಿಲ್ಲದ್ದರಿಂದ ಬರಲಾಗದೆಂದು ತಿಳಿಸಿತ್ತು. ಈ ಮೂರೂ ಸೇರಿ ಕ್ಯಾಥ್ಲೀನ್ ಮ್ಯಾನ್‌ಹಟನ್ ತಲುಪಿದ್ದರೆಂಬ ತೀರ್ಮಾನವನ್ನು ಗಟ್ಟಿಗೊಳಿಸಿದವು. ತನಿಖೆ ನಗರದಲ್ಲೇ ಸುತ್ತಿತು. ಸೌತ್ ಸೇಲಂನ ಮನೆಯ ಮತ್ತು ಅದರ ಪಕ್ಕದ ಸರೋವರದ ಸಮಗ್ರ ಶೋಧ ನಡೆದದ್ದು ಸುಮಾರು ಹದಿನೆಂಟು ವರ್ಷಗಳ ಬಳಿಕ, ಮನೆ ಬೇರೆಯವರ ಕೈಗೆ ಹೋದ ಮೇಲೆ.

ಪೊಲೀಸರು ಬಿಟ್ಟ ಕೆಲಸವನ್ನು ಗೆಳತಿಯರು ಕೈಗೆತ್ತಿಕೊಂಡದ್ದು ಈ ಪ್ರಕರಣದ ಗಮನಾರ್ಹ ಅಂಶ. ಸೌತ್ ಸೇಲಂ ಮನೆಯ ಕಸದ ಬುಟ್ಟಿಯನ್ನು ಜಾಲಾಡಿದ ಅವರಿಗೆ ಕೈಬರಹದ ಒಂದು ಚೀಟಿ ಸಿಕ್ಕಿತು. ಅದರಲ್ಲಿ ಊರಿನ ಕಸ ಸುರಿಯುವ ಜಾಗ, ಸೇತುವೆ, ಅಗೆಯುವುದು, ದೋಣಿ, ಸಲಿಕೆ ಎಂಬರ್ಥದ ಬಿಡಿಪದಗಳಿದ್ದವು. ಇಂಥ ಚೀಟಿಯೊಂದರಿಂದಲೇ ಯಾರ ಅಪರಾಧವೂ ರುಜುವಾತಾಗುವುದಿಲ್ಲ ಎಂಬುದು ನಿಜವಾದರೂ, ದೂರುದಾರನ ಹೇಳಿಕೆಯನ್ನು ಮರುಪರಿಶೀಲಿಸಲು ಅದು ಸಾಕಷ್ಟು ಕಾರಣವಾಗಬಹುದಿತ್ತು. ಕಾವಲುಗಾರನ ಗುರುತಿಸುವಿಕೆ ಮುಂದೆ ನಿಶ್ಚಿತವಾಗಿ ಉಳಿಯಲಿಲ್ಲ. ನೆರೆಮನೆಯ ಭೇಟಿ ಮತ್ತು ರಾತ್ರಿಯ ಫೋನ್ ಕರೆ ಎರಡೂ ತಾನು ಹೇಳಿದ ಸುಳ್ಳುಗಳೆಂದು 2015ರಲ್ಲಿ ಪ್ರಸಾರವಾದ ‘ದಿ ಜಿಂಕ್ಸ್’ ಸಾಕ್ಷ್ಯಚಿತ್ರದಲ್ಲಿ ಡರ್ಸ್ಟ್ ತಾನೇ ಒಪ್ಪಿಕೊಂಡ. ನೆರೆಮನೆಯ ಬಾಗಿಲು ತಟ್ಟಿ ಒಂದೆರಡು ದಿನಗಳಲ್ಲಿ ತಾಳೆ ನೋಡಬಹುದಾಗಿದ್ದ ಸಂಗತಿಗೆ ಮೂವತ್ತಮೂರು ವರ್ಷ ಹಿಡಿಯಿತು.

ನಂತರದ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 2000ದಲ್ಲಿ ವೆಸ್ಟ್‌ಚೆಸ್ಟರ್‌ನ ಅಭಿಯೋಜಕರು ಮರುತನಿಖೆಗೆ ಕೈಹಾಕಿದ ಸುದ್ದಿ ಹೊರಬಿದ್ದ ಕೆಲವೇ ವಾರಗಳಲ್ಲಿ, ಆ ವರ್ಷದ ಡಿಸೆಂಬರಿನಲ್ಲಿ, ಡರ್ಸ್ಟ್‌ನ ಆಪ್ತ ಗೆಳತಿಯೂ ಲೇಖಕಿಯೂ ಆಗಿದ್ದ ಸೂಸನ್ ಬರ್ಮನ್ ಲಾಸ್ ಏಂಜಲೀಸ್‌ನ ತಮ್ಮ ಮನೆಯಲ್ಲಿ ಗುಂಡೇಟಿನಿಂದ ಸತ್ತರು. ಡೀನ್ ಕಚೇರಿಗೆ ಹೋದ ಕರೆಯನ್ನು ಮಾಡಿದವರು ಬರ್ಮನ್ ಅವರೇ ಎಂಬುದು ಅಭಿಯೋಜನೆಯ ವಾದವಾಗಿತ್ತು. ಸಾಕ್ಷಿಯೊಬ್ಬರನ್ನು ಇಲ್ಲವಾಗಿಸಲು ನಡೆದ ಕೊಲೆಯಿದೆಂದು 2021ರ ಸೆಪ್ಟೆಂಬರಿನಲ್ಲಿ ತೀರ್ಪುಗಾರರು ಡರ್ಸ್ಟ್‌ನನ್ನು ತಪ್ಪಿತಸ್ಥನೆಂದರು. ಅದರ ಬೆನ್ನಿಗೇ ನ್ಯೂಯಾರ್ಕಿನಲ್ಲಿ ಕ್ಯಾಥ್ಲೀನ್ ಕೊಲೆಯ ಆರೋಪವೂ ದಾಖಲಾಯಿತು. ಆದರೆ 2022ರ ಜನವರಿ 10ರಂದು ಆತ ಬಂಧನದಲ್ಲೇ ತೀರಿಕೊಂಡದ್ದರಿಂದ ಆ ಆರೋಪದ ವಿಚಾರಣೆ ನಡೆಯಲೇ ಇಲ್ಲ. ಕ್ಯಾಥ್ಲೀನ್ ಮೃತರೆಂದು ನ್ಯಾಯಾಲಯ 2017ರಲ್ಲಿ ಘೋಷಿಸಿದೆ. ಆಕೆಯ ದೇಹ ಇಂದಿಗೂ ಸಿಕ್ಕಿಲ್ಲ. ಸಾವನ್ನು ಕಾನೂನು ಒಪ್ಪಿಕೊಂಡಿದೆ, ಸಾವಿಗೆ ಕಾರಣರಾದವರು ಯಾರೆಂಬುದನ್ನು ಯಾವ ನ್ಯಾಯಾಲಯವೂ ಆಕೆಯ ಹೆಸರಿನ ಪ್ರಕರಣದಲ್ಲಿ ತೀರ್ಮಾನಿಸಿಲ್ಲ. ಪ್ರಕರಣ ಬಗೆಹರಿದಿಲ್ಲ ಎನ್ನುವಾಗ ಇರುವ ಅರ್ಥ ಇದೇ.

ಮೊದಲ ಹೇಳಿಕೆಗೆ ಇರುವ ಈ ಶಕ್ತಿ ಅಮೆರಿಕಕ್ಕಷ್ಟೇ ಸೀಮಿತವಲ್ಲವೆಂಬುದಕ್ಕೆ ಬೆಂಗಳೂರಿನ ಶಾಕಿರಾ ಖಲೀಲಿ ಪ್ರಕರಣ ಸಾಕ್ಷಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳಾದ ಶಾಕಿರಾ, ಎರಡನೆಯ ಪತಿ ಸ್ವಾಮಿ ಶ್ರದ್ಧಾನಂದ ಎಂಬ ಹೆಸರಿನ ಮುರಳಿ ಮನೋಹರ ಮಿಶ್ರನೊಂದಿಗೆ ರಿಚ್ಮಂಡ್ ರಸ್ತೆಯ ಮನೆಯಲ್ಲಿ ವಾಸವಾಗಿದ್ದು, 1991ರ ಮೇ ಕೊನೆಯಿಂದ ಯಾರಿಗೂ ಕಾಣಿಸಲಿಲ್ಲ. ತಾಯಿಯೆಲ್ಲಿ ಎಂದು ಕೇಳಿದ ಮಗಳಿಗೆ ಆತ ಒಮ್ಮೆ ಹೈದರಾಬಾದು, ಇನ್ನೊಮ್ಮೆ ಅಮೆರಿಕದ ಆಸ್ಪತ್ರೆ ಎಂದು ಬಗೆಬಗೆಯ ಉತ್ತರ ಕೊಡುತ್ತಾ ಹೋದ. ಮಗಳು ಆ ಆಸ್ಪತ್ರೆಯನ್ನೇ ವಿಚಾರಿಸಿದಾಗ ತಾಯಿ ಅಲ್ಲಿಲ್ಲವೆಂದು ತಿಳಿಯಿತು. 1992ರ ಜೂನ್‌ನಲ್ಲಿ ಅಶೋಕನಗರ ಠಾಣೆಯಲ್ಲಿ ದೂರು ದಾಖಲಾದರೂ, 1994ರ ಮಾರ್ಚಿನಲ್ಲಿ ಕೇಂದ್ರ ಅಪರಾಧ ದಳ, ಅಂದರೆ ಸಿಸಿಬಿ, ತನಿಖೆ ಕೈಗೆತ್ತಿಕೊಂಡ ಮೇಲಷ್ಟೇ ಮನೆಯ ಆವರಣದಲ್ಲಿ ಮರದ ಪೆಟ್ಟಿಗೆಯಲ್ಲಿ ಹೂತಿದ್ದ ಅವಶೇಷಗಳು ಹೊರಬಂದವು. ಈ ಮಧ್ಯೆ ಪತ್ನಿ ಬರೆದುಕೊಟ್ಟಿದ್ದ ಅಧಿಕಾರ ಪತ್ರವನ್ನು, ರೂಢಿಯ ಮಾತಿನ ಜಿಪಿಎಯನ್ನು, ಆತ ಬಳಸುತ್ತಲೇ ಇದ್ದ. ಕೊಲೆಗಾಗಿ ಆತನಿಗೆ ವಿಧಿಸಲಾಗಿದ್ದ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಶಿಕ್ಷೆಯ ಕಡಿತಕ್ಕೆ ಅವಕಾಶವಿಲ್ಲದ ಜೀವಾವಧಿಯಾಗಿ ಮಾರ್ಪಡಿಸಿತು. ಎರಡೂ ಪ್ರಕರಣಗಳಲ್ಲಿ ಮಹಿಳೆ ಬೇರೆಲ್ಲೋ ಇದ್ದಾಳೆಂಬ ಪತಿಯ ಮಾತು ಮನೆಯತ್ತ ನೋಟ ಹರಿಯದಂತೆ ತಡೆಯಿತು. ಒಂದರಲ್ಲಿ ಮನೆಯನ್ನು ಅಗೆದು ನೋಡುವವರು ಕೊನೆಗಾದರೂ ಬಂದರು, ಇನ್ನೊಂದರಲ್ಲಿ ಬಂದಾಗ ಕಾಲ ಮಿಂಚಿತ್ತು.

ಇಲ್ಲಿಂದ ಕಾನೂನಿನ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಮೊದಲನೆಯದು ನಾಪತ್ತೆ ದೂರಿನ ಸ್ವರೂಪಕ್ಕೆ ಸಂಬಂಧಿಸಿದ್ದು. ವಾರಂಟ್ ಇಲ್ಲದೆ ಪೊಲೀಸರು ಕ್ರಮ ಕೈಗೊಳ್ಳಬಹುದಾದ ಅಪರಾಧವನ್ನು ಸಂಜ್ಞೇಯ ಅಪರಾಧ ಎನ್ನಲಾಗುತ್ತದೆ; ಅಂಥ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಮಕ್ಕಳು ಕಾಣೆಯಾದಾಗ ಅಪಹರಣ ಅಥವಾ ಸಾಗಾಟ ನಡೆದಿದೆ ಎಂಬ ಪೂರ್ವಭಾವನೆಯಿಂದಲೇ, ಎಂದರೆ ಬೇರೆಯದು ರುಜುವಾತಾಗುವವರೆಗೆ ಹಾಗೆಂದು ಇಟ್ಟುಕೊಂಡೇ, ತನಿಖೆ ಆರಂಭವಾಗಬೇಕೆಂದು ಅದೇ ವರ್ಷ ಅದೇ ನ್ಯಾಯಾಲಯ ನಿರ್ದೇಶಿಸಿತು. ವಯಸ್ಕರ ವಿಷಯದಲ್ಲಿ ಅಂಥ ಪೂರ್ವಭಾವನೆ ಇಲ್ಲ, ಮತ್ತು ಅದಕ್ಕೆ ಸಕಾರಣವೂ ಇದೆ. ವಯಸ್ಕ ವ್ಯಕ್ತಿಗೆ ತನ್ನ ಮನೆಯನ್ನು ಬಿಟ್ಟುಹೋಗುವ ಸ್ವಾತಂತ್ರ್ಯವಿದೆ. ಹೊಡೆತ ತಿನ್ನುವ ಹೆಣ್ಣಿಗೆ ಯಾರಿಗೂ ಹೇಳದೆ ಹೊರಟುಬಿಡುವುದೇ ಕೆಲವೊಮ್ಮೆ ಉಳಿದಿರುವ ಏಕೈಕ ರಕ್ಷಣೆ. ಪತಿಯ ದೂರಿನ ಮೇರೆಗೆ ಅವಳನ್ನು ಹುಡುಕಿ ಅವನ ಕೈಗೊಪ್ಪಿಸುವ ಪೊಲೀಸ್ ವ್ಯವಸ್ಥೆ, ಅವಳನ್ನು ಹುಡುಕದೇ ಬಿಡುವ ವ್ಯವಸ್ಥೆಯಷ್ಟೇ ಅಪಾಯಕಾರಿ. ಆದ್ದರಿಂದ ಕಾಣೆಯಾದವರು ಜೀವಂತವಾಗಿ ಸಿಕ್ಕಿದಾಗ ಅವರ ಸುರಕ್ಷತೆಯನ್ನು ಖಚಿತಪಡಿಸಿಕೊಂಡು, ವಿಳಾಸವನ್ನು ದೂರುದಾರರಿಗೆ ತಿಳಿಸದೆಯೇ ಕಡತ ಮುಗಿಸುವ ಸ್ಪಷ್ಟ ಕ್ರಮ ಎಲ್ಲ ಠಾಣೆಗಳಲ್ಲೂ ಇರಬೇಕಾಗುತ್ತದೆ.

ಎರಡನೆಯದು ಸರಹದ್ದಿನ ಪ್ರಶ್ನೆ. ಘಟನೆ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದಾಖಲಿಸಬಹುದಾದ ಜೀರೋ ಎಫ್‌ಐಆರ್‌ಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣ ಶಾಸನದ ಆಧಾರ ಕೊಟ್ಟಿದೆ. ದೂರು ಸ್ವೀಕರಿಸಲು ಇದು ಸಹಾಯಕ. ಆದರೆ ದೂರುದಾರ ಆರಿಸಿಕೊಂಡ ಠಾಣೆಯೇ ತನಿಖೆಯ ಕೇಂದ್ರವಾಗಿಬಿಡದಂತೆ, ಕಾಣೆಯಾದವರನ್ನು ಸ್ವತಂತ್ರ ಸಾಕ್ಷಿಗಳು ಕೊನೆಯದಾಗಿ ಕಂಡ ಸ್ಥಳದ ಠಾಣೆಗೆ ಕಡತ ಬೇಗನೆ ವರ್ಗಾವಣೆಯಾಗಬೇಕು.

ಮೂರನೆಯದು ರುಜುವಾತಿನ ಹೊಣೆಗೆ ಸಂಬಂಧಿಸಿದ್ದು. ಶವ ಸಿಗದಿದ್ದರೆ ಕೊಲೆ ರುಜುವಾತಾಗದು ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾಗಿದ್ದರೂ, ಸಾವು ಬೇರೆ ಸಾಕ್ಷ್ಯಗಳಿಂದ ಖಚಿತವಾಗುವಂತಿದ್ದರೆ ಶವ ಅನಿವಾರ್ಯವಲ್ಲವೆಂದು ರಾಮಾನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲೇ ಸ್ಪಷ್ಟಪಡಿಸಿದೆ. ಮನೆಯ ನಾಲ್ಕು ಗೋಡೆಗಳ ನಡುವೆ ನಡೆದ ಅಪರಾಧದಲ್ಲಿ, ಮನೆಯವರಿಗಷ್ಟೇ ತಿಳಿದಿರಬಹುದಾದ ಸಂಗತಿಯನ್ನು ಅವರೇ ವಿವರಿಸಬೇಕೆಂಬ ತತ್ವ ಹಳೆಯ ಸಾಕ್ಷ್ಯ ಕಾಯ್ದೆಯ 106ನೆಯ ಪ್ರಕರಣದಲ್ಲಿ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 109ರಲ್ಲಿ ಇದೆ. 2006ರ ತ್ರಿಮುಖ ಮಾರೋತಿ ಕಿರ್ಕನ್ ತೀರ್ಪು ಅದನ್ನು ವಿಶದಪಡಿಸಿತು. ಅಭಿಯೋಜನೆ ತನ್ನ ಮೂಲ ಹೊಣೆಯನ್ನು ಈ ತತ್ವದ ನೆಪದಲ್ಲಿ ಆರೋಪಿಯ ಮೇಲೆ ಹೊರಿಸುವಂತಿಲ್ಲ ಎಂಬ ಎಚ್ಚರಿಕೆಯೂ 1956ರ ಶಂಭುನಾಥ್ ಮೆಹ್ರಾ ತೀರ್ಪಿನಿಂದ ಜಾರಿಯಲ್ಲಿದೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ 1660ರಲ್ಲಿ ವಿಲಿಯಂ ಹ್ಯಾರಿಸನ್ ಎಂಬವನು ಕಾಣೆಯಾದಾಗ ಒಂದೇ ಕುಟುಂಬದ ಮೂವರನ್ನು ಅವನ ಕೊಲೆಗಾಗಿ ಗಲ್ಲಿಗೇರಿಸಲಾಯಿತು, 1662ರಲ್ಲಿ ಹ್ಯಾರಿಸನ್ ಜೀವಂತವಾಗಿ ಊರಿಗೆ ಮರಳಿದ. ಸಂಶಯ ಎಷ್ಟೇ ಬಲವಾಗಿದ್ದರೂ ಸಾಕ್ಷ್ಯದ ಸ್ಥಾನವನ್ನು ಅದು ತುಂಬಲಾರದೆಂಬ ಪಾಠವನ್ನು ಸಂಶಯಿಸುವುದೇ ವೃತ್ತಿಯಾದವರು ಮರೆಯುವಂತಿಲ್ಲ.

ನಾಲ್ಕನೆಯದು ಸಿವಿಲ್ ಕಾನೂನಿನ ಪರಿಣಾಮಗಳು. ಬದುಕಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿಯಿಲ್ಲದಿದ್ದರೆ, ವ್ಯಕ್ತಿ ಬದುಕಿದ್ದಾರೆನ್ನುವವರೇ ಅದನ್ನು ರುಜುವಾತುಪಡಿಸಬೇಕು. ಆದರೆ ಸಾವು ಯಾವಾಗ ಸಂಭವಿಸಿತೆಂಬ ಪೂರ್ವಭಾವನೆ ಇದರಿಂದ ಹುಟ್ಟುವುದಿಲ್ಲವೆಂದು ಎಲ್ಐಸಿ ವಿರುದ್ಧ ಅನುರಾಧಾ ಪ್ರಕರಣ 2004ರಲ್ಲಿ ಹೇಳಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಇದೇ ಏಳು ವರ್ಷದ ಮೌನ ವಿಚ್ಛೇದನಕ್ಕೆ ಆಧಾರವೂ ಹೌದು. ಡರ್ಸ್ಟ್ 1990ರಲ್ಲಿ ವಿಚ್ಛೇದನ ಪಡೆದದ್ದು ಪತ್ನಿ ತನ್ನನ್ನು ಪರಿತ್ಯಜಿಸಿದಳೆಂಬ ಕಾರಣದ ಮೇಲೆ. ಕಾಣೆಯಾದವರ ಗೈರುಹಾಜರಿಯನ್ನೇ ಅವರ ತಪ್ಪೆಂದು ಓದುವ ಅವಕಾಶ ಕಾನೂನಿನಲ್ಲಿರುವವರೆಗೆ, ಇಂಥ ಅರ್ಜಿ ಬಂದಾಗ ಕೌಟುಂಬಿಕ ನ್ಯಾಯಾಲಯವು ಸಂಬಂಧಪಟ್ಟ ಠಾಣೆಯಿಂದ ತನಿಖಾ ಸ್ಥಿತಿಯ ವರದಿಯನ್ನು ಕಡ್ಡಾಯವಾಗಿ ತರಿಸಿಕೊಳ್ಳಬೇಕೆಂಬ ನಿಯಮವನ್ನು ಈ ಸಭೆ ಚರ್ಚಿಸುವುದು ಅಗತ್ಯ. ಕಾಣೆಯಾದವರ ಹೆಸರಿನ ಅಧಿಕಾರ ಪತ್ರದ ಬಳಕೆಯನ್ನು ದೂರು ದಾಖಲಾದ ದಿನದಿಂದ ತಡೆಹಿಡಿಯುವ ಪ್ರಶ್ನೆಯೂ ಇದರೊಂದಿಗೆ ಸೇರಿದೆ.

ಈ ಎಲ್ಲದರ ನಡುವೆ, ಹೊಸ ಕಾಯ್ದೆಯನ್ನಾಗಲಿ ದೊಡ್ಡ ವೆಚ್ಚವನ್ನಾಗಲಿ ಬೇಡದ ಸುಧಾರಣೆಯೊಂದು ಚರ್ಚೆಯ ಕೇಂದ್ರದಲ್ಲಿರಬೇಕು. ಕೊನೆಯದಾಗಿ ಕಂಡವರ ಹೇಳಿಕೆಯನ್ನು ಬಿಡಿ ಬಿಡಿ ಸಂಗತಿಗಳಾಗಿ ಒಡೆದು ಬರೆದುಕೊಂಡು, ಪ್ರತಿಯೊಂದರ ಎದುರು ಅದನ್ನು ತಾಳೆ ನೋಡಿದವರು ಯಾರು, ಯಾವ ದಿನ, ಯಾವ ಸಾಕ್ಷ್ಯದಿಂದ ಎಂಬುದನ್ನು ಕೇಸ್ ಡೈರಿಯಲ್ಲಿ ನಮೂದಿಸಬೇಕು. ಹಿಂದಿನ ಹಿಂಸೆಯ ವೈದ್ಯಕೀಯ ದಾಖಲೆ, ಗೆಳೆಯರ ಮತ್ತು ತವರಿನವರ ಮಾತು, ಫೋನ್ ಮತ್ತು ಬ್ಯಾಂಕ್ ವ್ಯವಹಾರಗಳು ಅದೇ ಪಟ್ಟಿಯ ಭಾಗವಾಗಬೇಕು. ತಾಳೆಯಾಗದ ಸಂಗತಿಯೊಂದು ಉಳಿದಿರುವವರೆಗೆ ಹುಡುಕಾಟದ ದಿಕ್ಕು ಆ ಹೇಳಿಕೆಯನ್ನು ಮಾತ್ರ ಅವಲಂಬಿಸಬಾರದು. ಈ ಪದ್ಧತಿ ಪತಿಯನ್ನಾಗಲಿ ಪತ್ನಿಯನ್ನಾಗಲಿ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದಿಲ್ಲ. ಸತ್ಯ ಹೇಳಿದವರನ್ನು ವರ್ಷಗಟ್ಟಲೆ ಕಾಡುವ ಸಂಶಯದಿಂದ ಅದು ಮೊದಲ ವಾರದಲ್ಲೇ ಬಿಡಿಸುತ್ತದೆ, ಸುಳ್ಳು ಹೇಳಿದವರಿಗೆ ಕಾಲದ ಲಾಭ ಸಿಗದಂತೆ ಮಾಡುತ್ತದೆ. ಮುಂದಿನ ಗೋಷ್ಠಿಗಳು ಪೊಲೀಸ್ ಕಾರ್ಯವಿಧಾನ, ವಿಧಿವಿಜ್ಞಾನ, ಕೌಟುಂಬಿಕ ಕಾನೂನು ಮತ್ತು ಸಂತ್ರಸ್ತ ಕುಟುಂಬಗಳ ಅನುಭವವನ್ನು ಬೇರೆ ಬೇರೆಯಾಗಿ ಚರ್ಚಿಸಲಿದ್ದರೂ, ಇಂಥ ತಾಳೆಪಟ್ಟಿಯ ಒಂದು ಮಾದರಿ ನಮೂನೆಯನ್ನು ಸಿದ್ಧಪಡಿಸಿ ಗೃಹ ಇಲಾಖೆಯ ಮುಂದಿಡುವುದು ಈ ವಿಚಾರ ಸಂಕಿರಣದ ಸಮಾನ ಗುರಿಯಾಗಲಿ ಎಂಬ ಆಶಯದೊಂದಿಗೆ ಸಭೆಯ ಕಲಾಪಗಳು ಆರಂಭವಾಗಲಿ.