ಓ.ಟಿ.ಪಿ.ಯೂ ಹೆಬ್ಬೆಟ್ಟೇ
(ರೈತರ ಸಭೆಯಲ್ಲಿ ಆಸ್ತಿ ವಕೀಲರೊಬ್ಬರು ಆಡಿದ ಮಾತುಗಳು)



ಬೆಲೆಯ ವಿಚಾರ ಹೇಳಲು ನನಗಿಂತ ತಿಳಿದವರು ಈ ವೇದಿಕೆಯ ಮೇಲಿದ್ದಾರೆ. ನಾನು ಆಸ್ತಿಯ ಕಾಗದಪತ್ರ ಮಾಡುವ ವಕೀಲ. ಸಹಿಯ ವಿಚಾರ ಮಾತ್ರ ಹೇಳುತ್ತೇನೆ.

ನಮ್ಮ ಅಜ್ಜಂದಿರು ಸಾಹುಕಾರನ ಮುಂದೆ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಮೇಲೆ ಏನು ಬರೆದುಕೊಂಡರು ಎಂಬುದು ಹೊಲ ಹೋದ ಮೇಲೆ ಗೊತ್ತಾಯಿತು. ಆಮೇಲೆ ನಾವು ಶಾಲೆಗೆ ಹೋದೆವು, ಸಹಿ ಕಲಿತೆವು, ಇನ್ನು ಮೋಸವಿಲ್ಲ ಅಂದುಕೊಂಡೆವು. ಈಗ ಪೆನ್ನೇ ಬೇಡವಾಗಿದೆ. ಮೊಬೈಲಿಗೆ ನಾಲ್ಕಾರು ಅಂಕಿ ಬರುತ್ತವೆ, ಅದನ್ನು ಹೇಳಿದರೆ ಮುಗಿಯಿತು.

ಒಬ್ಬ ರೈತರು ನನ್ನ ಆಫೀಸಿಗೆ ಬಂದರು. "ವಕೀಲ್ರೇ, ನಾ ಎಲ್ಲೂ ಸೈ ಮಾಡಿಲ್ರೀ. ಆದ್ರೂ ಮೂರೂ ಹೊಲದ ಪಹಣಿ ಮ್ಯಾಗ ಬೋಜಾ ಬಿದ್ದೈತ್ರೀ" ಅಂದರು. ಅವರು ಸಾಲ ಕೇಳಿದ್ದು ಒಂದೇ ಹೊಲದ ಮೇಲೆ. "ಫೋನಿಗೆ ನಂಬರು ಏನಾದರೂ ಬಂದಿತ್ತಾ?" ಎಂದು ಕೇಳಿದೆ. "ಬಂದಿತ್ರೀ. ಅವರು ಕೇಳಿದ್ರು, ಹೇಳಿದೆ" ಅಂದರು. ಅದೇ ಅವರ ಸಹಿ. ಕಾಗದದಲ್ಲಿ ಮೂರು ಸರ್ವೆ ನಂಬರು ಬರೆದಿತ್ತು. ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಇದಕ್ಕೆ ಕಾನೂನಿನ ಬಲ ಇದೆಯೇ? ಇದೆ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಯನ್ನು ಒಪ್ಪಿತು, ಆದರೆ ಸ್ಥಿರಾಸ್ತಿಯ ಮಾರಾಟ, ಹಸ್ತಾಂತರದ ಕರಾರುಗಳನ್ನು ಹೊರಗಿಟ್ಟಿತ್ತು. 2015ರಲ್ಲಿ ಆಧಾರ್ ಮೂಲಕ ಸಹಿ ಮಾಡುವ ಪದ್ಧತಿ ಬಂತು. 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಸ್ಥಿರಾಸ್ತಿಯ ಸುತ್ತ ಇದ್ದ ಆ ಬೇಲಿಯನ್ನು ಕಿತ್ತಿತು.

ಆದರೂ ಇನ್ನೊಂದು ಬೇಲಿ ನಿಂತಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 59ನೇ ಕಲಂ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಸಾಲಕ್ಕೆ ಅಡಮಾನ ಪತ್ರ ಬರೆದುಕೊಟ್ಟರೆ ಅದು ನೋಂದಣಿಯಾಗಬೇಕು, ಕನಿಷ್ಠ ಇಬ್ಬರು ಸಾಕ್ಷಿ ಬೇಕು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡುವ ಅಡಮಾನಕ್ಕೆ ಈ ಕಟ್ಟಳೆ ಇಲ್ಲ. ಕೃಷಿ ಸಾಲಕ್ಕಂತೂ ನಮ್ಮ ರಾಜ್ಯದ 1974ರ ಕಾಯ್ದೆಯ ಪ್ರಕಾರ ರೈತ ಒಂದು ಘೋಷಣಾ ಪತ್ರ ಕೊಟ್ಟರೂ ಜಮೀನಿನ ಮೇಲೆ ಬೋಜಾ ಕೂರುತ್ತದೆ. ಹಳೇ ಕಾಯ್ದೆಯ ಈ ಸಲೀಸಿಗೆ ಮೊಬೈಲಿನ ಸಲೀಸು ಸೇರಿಬಿಟ್ಟರೆ ಹೊಲ ಅಡವು ಬೀಳಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ.

ಇಂಗ್ಲೆಂಡಿನಲ್ಲಿ 2018ರಲ್ಲಿ ಮೊದಲ ಡಿಜಿಟಲ್ ಅಡಮಾನ ಪತ್ರ ಆಯಿತು, ಲಂಡನ್ನಿನ ಒಂದು ಮನೆಯ ಮೇಲೆ. ಅಲ್ಲೂ ಫೋನಿಗೆ ಅಂಕಿ ಬರುತ್ತಿತ್ತು, ಸಾಕ್ಷಿ ಬೇಕಿರಲಿಲ್ಲ. ಆದರೆ ಪತ್ರ ಸಿದ್ಧಮಾಡುತ್ತಿದ್ದವನು ಆಸ್ತಿ ವಕೀಲ. ಸಾಲಗಾರನ ಗುರುತು ಮೊದಲೇ ಖಾತ್ರಿಯಾಗಬೇಕಿತ್ತು. ಪತ್ರವನ್ನು ನೋಡಿ ಅವನೇ ಅಂಕಿ ಒತ್ತಬೇಕಿತ್ತು. ನಮ್ಮ ರೈತ ಅಂಕಿ ಹೇಳುವಾಗ ಪಕ್ಕದಲ್ಲಿ ಯಾರಿರುತ್ತಾರೆ? ಸಾಲ ಕೊಡುವವರ ಮನುಷ್ಯ ಒಬ್ಬನೇ.

ನಾನು ಯಂತ್ರದ ವಿರೋಧಿಯಲ್ಲ. ಒಂದು ಸಹಿಗಾಗಿ ಎರಡು ದಿನದ ಕೆಲಸ ಕೆಡಿಸಿಕೊಂಡು ಕಚೇರಿ ಬಾಗಿಲು ಕಾಯುವುದು ತಪ್ಪಿದರೆ ಒಳ್ಳೆಯದೇ. ಆದರೆ ಐದು ಮಾತು ನೆನಪಿಡಿ.

ಒಂದು: 2025ರ ಜನವರಿ 1ರಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬ ರೈತನಿಗೆ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಕೇಳಿದರೆ, ಯಾಕೆ ಅಂತ ಬರಹದಲ್ಲಿ ಕೇಳಿ.

ಎರಡು: ಅಂಕಿಯನ್ನು ಬಾಯಲ್ಲಿ ಹೇಳಬೇಡಿ, ನೀವೇ ಒತ್ತಿ. ಒತ್ತುವ ಮೊದಲು ಸರ್ವೆ ನಂಬರು, ಎಕರೆ ಗುಂಟೆ, ಮೊತ್ತ, ಬಡ್ಡಿ ನಾಲ್ಕನ್ನೂ ಕನ್ನಡದಲ್ಲಿ ಓದಿಸಿಕೊಳ್ಳಿ. ಮನೆಯಲ್ಲಿ ಓದಿದ ಮಗಳಿದ್ದರೆ ಕರೆದುಕೊಂಡು ಹೋಗಿ.

ಮೂರು: ಸಹಿಯಾದ ಪತ್ರದ ಪ್ರತಿ ಇಸಿದುಕೊಳ್ಳಿ. ಆಮೇಲೆ ಪಹಣಿ ತೆಗೆಸಿ 11ನೇ ಕಾಲಂ ನೋಡಿ. ಋಣಭಾರ ಪತ್ರವನ್ನೂ ತೆಗೆಸಿ.

ನಾಲ್ಕು: ಕೋರ್ಟಿಗೆ ಹೋಗದೆಯೇ ಆಸ್ತಿ ಜಪ್ತಿ ಮಾಡಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಮನೆಗೆ, ಬೇರೆ ಉಪಯೋಗಕ್ಕೆ ಪರಿವರ್ತನೆಯಾದ ಜಾಗಕ್ಕೆ ಈ ರಕ್ಷಣೆ ಇಲ್ಲ. ಪತ್ರದಲ್ಲಿ ಹೊಲದ ಜೊತೆ ಮನೆಯನ್ನೂ ಸೇರಿಸಿದ್ದಾರೆಯೇ ನೋಡಿ.

ಐದು: ಸಾಲ ತೀರಿದ ದಿನವೇ ಬೋಜಾ ಇಳಿಸಲು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

1980ರ ದಶಕದಲ್ಲಿ ರೈತ ಸಂಘದವರು, ಅಪ್ಪಣೆ ಇಲ್ಲದೆ ಅಧಿಕಾರಿಗಳು ಒಳಗೆ ಬರಕೂಡದು ಎಂದು ಊರ ಬಾಗಿಲಿಗೆ ಬೋರ್ಡು ಹಾಕಿದರು. ಈಗ ಸಾಲದವರ ಜೀಪು ಊರಿಗೆ ಬರಬೇಕಿಲ್ಲ. ಫೋನು ನಮ್ಮ ಕಿಸೆಯಲ್ಲೇ ಇದೆ. ಆ ಬೋರ್ಡು ಈಗ ಕಿಸೆಗೂ ಬೇಕು. ಪತ್ರ ಕನ್ನಡದಲ್ಲಿರಲಿ, ಸಹಿಯ ಹೊತ್ತಿಗೆ ರೈತ ನಂಬುವ ಒಬ್ಬರು ಪಕ್ಕದಲ್ಲಿರಲಿ, ಪ್ರತಿ ಅಂದೇ ಕೈಸೇರಲಿ. ಸಂಘ ಈ ಮೂರು ಬೇಡಿಕೆಗಳನ್ನು ಎತ್ತಿಕೊಳ್ಳಬೇಕು.

ಬೆಳೆಗೆ ತಕ್ಕ ಬೆಲೆ ಸಿಕ್ಕಿದ್ದರೆ ಹೊಲ ಅಡವಿಡುವ ಗತಿ ಯಾಕೆ ಬರುತ್ತಿತ್ತು? ಆ ಹೋರಾಟ ನಡೆಯಲಿ. ಅಲ್ಲಿಯತನಕ ನಿಮ್ಮ ಹೆಬ್ಬೆಟ್ಟು ನಿಮ್ಮ ಹತ್ತಿರವೇ ಇರಲಿ.